ಬೋರ್ಡು ಕರೆಯುವುದು ಯಾರನ್ನು?

1871ರಲ್ಲಿ ಮುಂಬಯಿ ಕಡೆಯ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು. ಆ ದಾರಿಯಲ್ಲಿದ್ದ ಯಾದಗಿರಿಗೆ ರೈಲು ಸಿಕ್ಕಿತು. ಶಹಾಪುರ, ಸುರಪುರದವರು ಮಾತ್ರ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ರಸ್ತೆಯನ್ನೇ ನಂಬಬೇಕಾಯಿತು. ರಸ್ತೆಯಲ್ಲಿ ಹಸಿದವರನ್ನು ಕರೆಯುವುದು ಬೋರ್ಡು. ಈಗಲೂ ಶಹಾಪುರದಿಂದ ಸುರಪುರಕ್ಕೆ ಹೋಗುವಾಗ ಊಟದ ಹೊತ್ತಾದರೆ ನಾವು ಹುಡುಕುವುದು ಅದನ್ನೇ: ಖಾನಾವಳಿ, ಧಾಬಾ, ಬಿಸಿ ರೊಟ್ಟಿ ಊಟ. ಒಳಗೆ ಕೂತರೆ ಮೊದಲು ನೀರು ಬರುತ್ತದೆ. ಆಮೇಲೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ.

ಬೋರ್ಡು ಮತ್ತು ನೀರಿನಿಂದಲೇ ಜಗತ್ತಿಗೆ ಗೊತ್ತಾದ ಅಂಗಡಿಯೊಂದು ಅಮೆರಿಕದಲ್ಲಿದೆ. ಸೌತ್ ಡಕೋಟಾದ ವಾಲ್ ಎಂಬ ಸಣ್ಣ ಊರಿನಲ್ಲಿ ಟೆಡ್ ಮತ್ತು ಡೊರೊಥಿ ಹಸ್ಟೆಡ್ ದಂಪತಿ 1931ರಲ್ಲಿ ಒಂದು ಔಷಧಿ ಅಂಗಡಿ ಕೊಂಡರು. ವರ್ಷಗಳಾದರೂ ಗಿರಾಕಿಗಳಿಲ್ಲ. ಬಿಸಿಲಲ್ಲಿ ಬರುವ ಪ್ರಯಾಣಿಕರಿಗೆ ಬೇಕಾದದ್ದು ತಣ್ಣೀರು ಎಂದು 1936ರಲ್ಲಿ ಡೊರೊಥಿಗೆ ಹೊಳೆಯಿತು. 'ಐಸ್ ನೀರು ಪುಕ್ಕಟೆ' ಎಂಬ ಬೋರ್ಡುಗಳು ಹೆದ್ದಾರಿಯಲ್ಲಿ ನಿಂತವು, ಕಾರುಗಳೂ ನಿಂತವು. ಇಂದು 'ವಾಲ್ ಡ್ರಗ್' 80 ಅಡಿಯ ಡೈನೋಸಾರ್ ಇಟ್ಟುಕೊಂಡಿರುವ ದೊಡ್ಡ ಊಟದ ತಾಣ. ಅದರ ಬೋರ್ಡುಗಳು ನೂರಾರು ಮೈಲಿ ದೂರದಿಂದಲೇ ಶುರುವಾಗುತ್ತವೆ.

ಅದೇ 1936ರಲ್ಲಿ ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ ಒಂದು ಕೈಪಿಡಿ ಅಚ್ಚು ಹಾಕಿಸಿದರು. ಕಪ್ಪು ಜನರನ್ನು ಒಳಗೆ ಬಿಟ್ಟುಕೊಳ್ಳುವ ಹೋಟೆಲು, ವಸತಿಗಳ ಪಟ್ಟಿ ಅದು. 'ಗ್ರೀನ್ ಬುಕ್' ಎಂದೇ ಹೆಸರಾಯಿತು. ಹೆದ್ದಾರಿಯ ಬೋರ್ಡು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಆದರೆ ಎಷ್ಟೋ ಕಡೆ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಈ ತಾರತಮ್ಯವನ್ನು ದೇಶದುದ್ದಕ್ಕೂ ನಿಷೇಧಿಸಿದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆ.

ನಮ್ಮ ಕಡೆಯೂ ಕಥೆ ಬೇರೆಯಲ್ಲ. 1934ರಲ್ಲಿ ಡಾ. ಅಂಬೇಡ್ಕರ್ ಸಂಗಡಿಗರೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋಗಿದ್ದರು. ಅಲ್ಲಿನ ಕೊಳದಲ್ಲಿ ಅವರು ಮುಖ ತೊಳೆದದ್ದಕ್ಕೆ ನೀರು ಮೈಲಿಗೆಯಾಯಿತೆಂದು ಜನ ಸೇರಿ ಗದರಿದರು. ದೌಲತಾಬಾದ್ ಆಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ಯಾದಗಿರಿ, ಶಹಾಪುರ, ಸುರಪುರವೂ ಅದೇ ರಾಜ್ಯದಲ್ಲಿದ್ದವು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿ, ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಹೋಟೆಲಿನಲ್ಲಿಟ್ಟ ತಟ್ಟೆ, ಲೋಟ ಬಳಸದಂತೆ ತಡೆಯುವುದೂ ಆ ಕಾಯ್ದೆಯಲ್ಲಿ ಅಪರಾಧ. ಅಂದರೆ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಅಷ್ಟು ಸಾಮಾನ್ಯವಾಗಿತ್ತು. ಕಾನೂನು ಬಂದ ಮೇಲೂ ಅದು ಒಂದೇ ದಿನಕ್ಕೆ ಹೋಗಲಿಲ್ಲ.

ಯಾವ ಹೋಟೆಲಿನಲ್ಲಿ ಒಳಗೆ ಕೂರಬಹುದು, ಎಲ್ಲಿ ಹೊರಗೆ ನಿಂತು ಚಹಾ ಕುಡಿದು ಲೋಟ ತಾವೇ ತೊಳೆದಿಡಬೇಕು ಎಂಬುದನ್ನು ದಲಿತ ಕೇರಿಗಳ ಹಿರಿಯರು ಬಾಯಿಪಾಠ ಮಾಡಿಕೊಂಡೇ ಪ್ರಯಾಣ ಮಾಡಬೇಕಿತ್ತು. ಆ ಪಟ್ಟಿ ಅವರ ನೆನಪಿನಲ್ಲಿದೆ, ಅವರಿಗೂ ವಯಸ್ಸಾಗುತ್ತಿದೆ. ಹಳ್ಳಿಗಳ ಸುದ್ದಿ ಬರೆಯಲು ಹೊರಟಿರುವ ನಾವು ಹೆದ್ದಾರಿ ಬದಿಯ ಬಣ್ಣದ ಬೋರ್ಡುಗಳ ಫೋಟೊ ತೆಗೆಯುತ್ತೇವೆ. ಅದರ ಜೊತೆ ಆ ಹಿರಿಯರ ಹತ್ತಿರ ಕೂತು ಲೋಟದ ಕಥೆಯನ್ನೂ ಬರೆದುಕೊಳ್ಳಬೇಕು.