ಎದುರಾಳಿಗಳ ನಡುವಿನ ಒಪ್ಪಂದ

ಸೈಕಲ್ ಪಂದ್ಯವನ್ನು ದೂರದಿಂದ ನೋಡುವವರಿಗೆ ಅದು ಕೇವಲ ಕಾಲುಗಳ ಬಲದ ಪರೀಕ್ಷೆಯಾಗಿ ತೋರುತ್ತದೆ. ಆದರೆ ವೃತ್ತಿಪರ ಸವಾರನಿಗೆ ಗಾಳಿಯೇ ಮೊದಲ ಶತ್ರು. ಮುಂದಿರುವವನು ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನಿಗೇ ಹತ್ತಿ ಬರುವವನು ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತಾನೆ. ಗುಂಪಿನಿಂದ ಮುಂದೆ ಸಾಗಿದ ಇಬ್ಬರು ಸರದಿಯಂತೆ ಮುಂದಾಳುಗಳಾಗದಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಹೀಗೆ ಪೈಪೋಟಿಯ ಒಡಲಲ್ಲಿಯೇ ಸಹಕಾರ ಹುಟ್ಟುತ್ತದೆ. ಈ ಸಹಕಾರವು ವಂಚನೆಯಾಗುವುದು ಎಲ್ಲಿ?

ಇಟಲಿಯ ಜಿನೋ ಬಾರ್ತಾಲಿ ಮತ್ತು ಫೌಸ್ತೋ ಕೊಪ್ಪಿಯವರ ಹಗೆತನ ಪ್ರಸಿದ್ಧವಾದುದು. 'ಭಕ್ತ ಜಿನೋ' ಎಂದೇ ಹೆಸರಾಗಿದ್ದ ಬಾರ್ತಾಲಿಯವರಿಗೂ ಕೊಪ್ಪಿಯವರಿಗೂ ಇಟಲಿಯ ಜನ ಎರಡು ಪಾಳೆಯಗಳಾಗಿ ಒಡೆದಿದ್ದರು. 1948ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಬ್ಬರನ್ನೊಬ್ಬರು ಕಾಯುವುದರಲ್ಲೇ ಕಾಲ ಕಳೆದು, ಕೊನೆಗೆ ಇಬ್ಬರೂ ಪಂದ್ಯವನ್ನು ತೊರೆದರು. ಇಟಲಿಯ ಸೈಕ್ಲಿಂಗ್ ಒಕ್ಕೂಟ ಇಬ್ಬರನ್ನೂ ಅಮಾನತುಗೊಳಿಸಿತು.

ಮರುವರ್ಷ 'ಟೂರ್ ದ ಫ್ರಾನ್ಸ್' ಪಂದ್ಯಕ್ಕೆ ಒಂದೇ ತಂಡದಲ್ಲಿ ಓಡುವಂತೆ ತಂಡದ ವ್ಯವಸ್ಥಾಪಕ ಆಲ್ಫ್ರೆದೋ ಬಿಂದಾ ಇಬ್ಬರನ್ನೂ ಒಪ್ಪಿಸಿದರು. 1949ರ ಜುಲೈ 18ರಂದು ಆಲ್ಪ್ಸ್ ಪರ್ವತದಲ್ಲಿ ಇಬ್ಬರೂ ಉಳಿದವರೆಲ್ಲರನ್ನೂ ಹಿಂದಿಕ್ಕಿ ಬ್ರಿಯಾನ್ಸೋನ್ ಪಟ್ಟಣವನ್ನು ತಲಪಿದರು. ಅಂದು ಬಾರ್ತಾಲಿಯವರ 35ನೆಯ ಜನ್ಮದಿನ. ಕೊಪ್ಪಿ ಆ ದಿನದ ಗೆಲುವನ್ನು ಅವರಿಗೆ ಬಿಟ್ಟುಕೊಟ್ಟರು. ಮರುದಿನ ಇಳಿಜಾರಿನಲ್ಲಿ ಬಾರ್ತಾಲಿ ಬಿದ್ದಾಗ ಕೊಪ್ಪಿ ಮೊದಲು ಕಾದರು. ಬಿಂದಾ ಮುಂದೆ ಹೋಗೆಂದ ಮೇಲೆಯೇ ಹೊರಟು, ಕೊನೆಗೆ ಇಡೀ ಪಂದ್ಯವನ್ನೇ ಗೆದ್ದರು. ಬಾರ್ತಾಲಿ ದ್ವಿತೀಯರಾದರು.

ಇದು ಮೋಸವಲ್ಲವೇ ಎಂದು ಕೇಳಬಹುದು. ಆದರೆ ಕೊಪ್ಪಿ ಕೊಟ್ಟದ್ದು ತಮ್ಮದೇ ಕೈಗೆಟುಕುತ್ತಿದ್ದ ಗೆಲುವನ್ನು. ಅಂದು ಮೂರನೆಯವನ ಪಾಲನ್ನು ಯಾರೂ ಕಸಿಯಲಿಲ್ಲ.

1985ರ ಸ್ಪೇನ್ ಪ್ರವಾಸ ಪಂದ್ಯದ ಕಥೆ ಬೇರೆ. ಆಗ ರಾಬರ್ಟ್ ಮಿಲ್ಲರ್ ಎಂಬ ಹೆಸರಿನಲ್ಲಿ ಸ್ಪರ್ಧಿಸುತ್ತಿದ್ದ ಸ್ಕಾಟ್ಲೆಂಡಿನ ಫಿಲಿಪ್ಪಾ ಯಾರ್ಕ್ ಅಗ್ರಸ್ಥಾನದಲ್ಲಿದ್ದರು. ಮುಕ್ತಾಯದ ಹಿಂದಿನ ದಿನ, ಆರು ನಿಮಿಷಗಳಿಗೂ ಹೆಚ್ಚು ಹಿಂದಿದ್ದ ಪೆದ್ರೋ ದೆಲ್ಗಾದೋ, ಬೇರೊಂದು ತಂಡದ ಸ್ಪೇನಿನ ಸವಾರನೊಡನೆ ಮುಂದಕ್ಕೆ ಸಾಗಿದರು. ಅವರನ್ನು ಬೆನ್ನಟ್ಟಲು ಮಿಲ್ಲರ್‌ಗೆ ಎದುರಾಳಿ ತಂಡಗಳ ನೆರವು ದೊರೆಯಲಿಲ್ಲ. ದೆಲ್ಗಾದೋ 36 ಸೆಕೆಂಡುಗಳ ಅಂತರದಿಂದ ಪಂದ್ಯವನ್ನು ಗೆದ್ದರು. ಸ್ಪೇನಿನ ತಂಡಗಳು ಒಳಗೊಳಗೇ ಕೈಜೋಡಿಸಿದವೆಂಬ ಆಪಾದನೆ ಇಂದಿಗೂ ಅಳಿದಿಲ್ಲ.

ಹಣ ನಡುವೆ ಬಂದಾಗ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. 2010ರ ಲಿಯೇಜ್ ಪಂದ್ಯದ ವಿಜೇತ ಅಲೆಕ್ಸಾಂಡರ್ ವಿನೋಕುರೋವ್, ದ್ವಿತೀಯ ಸ್ಥಾನಿಗೆ 1,50,000 ಯೂರೋ ಕೊಟ್ಟು ಗೆಲುವನ್ನು ಕೊಂಡರೆಂಬ ಆರೋಪ ಬೆಲ್ಜಿಯಮ್ಮಿನ ನ್ಯಾಯಾಲಯವನ್ನು ಮುಟ್ಟಿತು. ಅದು ಸಾಲವೆಂದು ಅವರು ವಾದಿಸಿದರು. 2019ರಲ್ಲಿ ಇಬ್ಬರೂ ಖುಲಾಸೆಯಾದರು. ನ್ಯಾಯಾಲಯ ತೂಗಿದ್ದು ಸಾಕ್ಷ್ಯವನ್ನು. ಆದರೆ ಅಂಥ ಅನುಮಾನವೊಂದೇ ಸಾಕು, ಬಿಸಿಲಲ್ಲಿ ರಸ್ತೆಬದಿ ನಿಂತು ಚಪ್ಪಾಳೆ ತಟ್ಟಿದವನ ಮನಸ್ಸನ್ನು ಕಹಿಯಾಗಿಸಲು.

ಒಪ್ಪಂದಗಳಿಲ್ಲದೆ ಬದುಕು ನಡೆಯದು. ಅಂಗಡಿಯಲ್ಲಾಗಲಿ ಆಸ್ತಿಯ ಪಾಲಿನಲ್ಲಾಗಲಿ ಇಬ್ಬರು ಕೈಕುಲುಕುವಾಗ, ಅಲ್ಲಿಲ್ಲದ ಮೂರನೆಯವನ ಎದುರು ಅದೇ ಮಾತನ್ನು ಆಡಬಲ್ಲೆವೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಆಡಬಲ್ಲೆವಾದರೆ ಅದು ಸಹಕಾರ. ದನಿ ತಗ್ಗಿಸಬೇಕಾಗಿ ಬಂದರೆ ಅದು ಬೇರೆಯೇ.