ಲ್ಯಾಪ್‌ಟಾಪ್ ಆನ್ ಆಗಿ ತಾನೇ ಆಫ್ ಆಗುವುದೇಕೆ?

ಪವರ್ ಬಟನ್ ಒತ್ತುತ್ತೀರಿ. ದೀಪ ಹೊತ್ತುತ್ತದೆ, ಫ್ಯಾನು ಒಮ್ಮೆ ಗುಂಯ್ ಎನ್ನುತ್ತದೆ, ಮರುಕ್ಷಣ ಎಲ್ಲವೂ ಸ್ತಬ್ಧ. ಇನ್ನೊಮ್ಮೆ ಒತ್ತಿದರೂ ಅದೇ ಕತೆ. ನಾಳೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕಾದವರಿಗೆ ಇದರ ಸಂಕಟ ಚೆನ್ನಾಗಿ ಗೊತ್ತು. ವಿಚಾರಿಸಿದರೆ ಒಬ್ಬರು 'ವೈರಸ್ ಬಂದಿದೆ' ಎನ್ನುತ್ತಾರೆ, ಇನ್ನೊಬ್ಬರು 'ಫಾರ್ಮ್ಯಾಟ್ ಮಾಡಿಸಿ' ಎನ್ನುತ್ತಾರೆ, ರಿಪೇರಿ ಅಂಗಡಿಯಲ್ಲಿ ಕೆಲವೊಮ್ಮೆ ಮುಚ್ಚಳ ಬಿಚ್ಚುವ ಮೊದಲೇ 'ಮದರ್‌ಬೋರ್ಡ್ ಹೋಗಿದೆ' ಎಂಬ ತೀರ್ಪು ಸಿಗುತ್ತದೆ. ಈ ಮೂರೂ ಮಾತು ತಪ್ಪಿರಬಹುದು.

ಹೀಗೆ ಆಫ್ ಆಗುವುದು ಹೆಚ್ಚಿನ ಸಲ ಲ್ಯಾಪ್‌ಟಾಪ್ ತನ್ನನ್ನು ತಾನು ಉಳಿಸಿಕೊಳ್ಳಲು ಮಾಡುವ ಕೆಲಸ. ಅಡಾಪ್ಟರ್‌ನಿಂದ ಬರುವ 19 ಅಥವಾ 20 ವೋಲ್ಟ್ ವಿದ್ಯುತ್ತನ್ನು ಒಳಗಿನ ಭಾಗಗಳು ನೇರವಾಗಿ ಬಳಸುವುದಿಲ್ಲ. ಅದನ್ನು 5 ವೋಲ್ಟ್, 3.3 ವೋಲ್ಟ್, ಪ್ರಾಸೆಸರ್‌ಗಾಗಿ ಸುಮಾರು 1 ವೋಲ್ಟ್ ಎಂದು ಹಲವು ಮಟ್ಟಗಳಿಗೆ ಇಳಿಸಬೇಕು. ಇದೆಲ್ಲ ಒಂದಾದ ಮೇಲೊಂದರಂತೆ, ಕ್ರಮ ತಪ್ಪದೆ ನಡೆಯಬೇಕು. ಈ ಮೇಲ್ವಿಚಾರಣೆಗೆ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಇರುತ್ತದೆ. ಲ್ಯಾಪ್‌ಟಾಪ್ ಮಲಗಿದ್ದಾಗಲೂ ಎಚ್ಚರವಾಗಿರುವ ಕಾವಲುಗಾರ ಇದು. ಯಾವುದೇ ಹಂತದಿಂದ 'ಸರಿಯಿದೆ' ಎಂಬ ಸಂಕೇತ ಬರದಿದ್ದರೆ, ಎಲ್ಲಾದರೂ ಶಾರ್ಟ್ ಆಗಿದ್ದರೆ, ಬಿಸಿ ಮಿತಿ ಮೀರಿದರೆ ವಿದ್ಯುತ್ ಕಡಿತವಾಗುತ್ತದೆ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ: ಅದು ಯಾವುದಕ್ಕೆ ಹೆದರಿ ಆಫ್ ಆಯಿತು?

ಎಷ್ಟು ಹೊತ್ತಿಗೆ ಆಫ್ ಆಗುತ್ತದೆ?

ಇದಕ್ಕೆ ಅತ್ಯಂತ ಒಳ್ಳೆಯ ಸುಳಿವು ಸಮಯ. ಫೋನಿನ ಸ್ಟಾಪ್‌ವಾಚ್ ಹಿಡಿದು ಎರಡು ಮೂರು ಬಾರಿ ಅಳೆಯಿರಿ.

ಒಂದೆರಡು ಸೆಕೆಂಡಿನೊಳಗೆ ಆಫ್ ಆದರೆ ವಿಂಡೋಸ್‌ನ ಮಾತೇ ಬರುವುದಿಲ್ಲ, ಅದಿನ್ನೂ ಲೋಡ್ ಆಗಲು ಶುರುವೇ ಆಗಿರುವುದಿಲ್ಲ. ವೈರಸ್ಸಿಗೂ ಇದೇ ಮಾತು ಅನ್ವಯಿಸುತ್ತದೆ. ಈ ಹಂತದಲ್ಲಿ ಫಾರ್ಮ್ಯಾಟ್ ಮಾಡಿಸಲು ಹೊರಟರೆ ಫೈಲುಗಳು ಹೋಗುತ್ತವೆ, ತೊಂದರೆ ಉಳಿಯುತ್ತದೆ. ಇಲ್ಲಿ ಅನುಮಾನ ಪಡಬೇಕಾದದ್ದು ಅಡಾಪ್ಟರ್, ಬ್ಯಾಟರಿ, ರ್‍ಯಾಮ್ ಮತ್ತು ಬೋರ್ಡಿನ ವಿದ್ಯುತ್ ಭಾಗವನ್ನು.

ಪ್ರತಿಸಲವೂ ಸರಿಯಾಗಿ ನಾಲ್ಕರಿಂದ ಹತ್ತು ಸೆಕೆಂಡಿನ ನಡುವೆ, ಲೆಕ್ಕ ಹಾಕಿದ ಹಾಗೆ ಆಫ್ ಆಗುತ್ತಿದೆಯೇ? ಹಾಗಾದರೆ ಪವರ್ ಬಟನ್ನನ್ನೇ ನೋಡಿ. ಆ ಬಟನ್ನನ್ನು ಒತ್ತಿ ಹಿಡಿದರೆ ಲ್ಯಾಪ್‌ಟಾಪ್ ಬಲವಂತವಾಗಿ ಆಫ್ ಆಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಜಿಗುಟು ಕೊಳೆಯಿಂದಲೋ ಚೆಲ್ಲಿದ ಚಹಾದಿಂದಲೋ ಬಟನ್ ಒಳಗೇ ಸಿಕ್ಕಿಕೊಂಡಿದ್ದರೆ, ಯಾರೋ ಬೆರಳಿಟ್ಟು ಒತ್ತಿ ಹಿಡಿದಿದ್ದಾರೆಂದೇ ಯಂತ್ರ ತಿಳಿಯುತ್ತದೆ. ಇದರ ರಿಪೇರಿ ಸಣ್ಣದು. ಆದರೂ ಈ ಸಾಧ್ಯತೆಯನ್ನು ಯೋಚಿಸುವವರು ಕಡಿಮೆ.

ಕಂಪನಿಯ ಲೋಗೋ ಕಂಡು, ವಿಂಡೋಸ್ ತೆರೆದುಕೊಳ್ಳುವ ಹೊತ್ತಿಗೆ ಆಫ್ ಆದರೆ ಬ್ಯಾಟರಿ ಸೋತಿರಬಹುದು. ಹತ್ತಿಪ್ಪತ್ತು ನಿಮಿಷ ಕೆಲಸ ಮಾಡಿ ಆಫ್ ಆದರೆ ಬಹುಮಟ್ಟಿಗೆ ಬಿಸಿಯ ಸಮಸ್ಯೆ.

ನಿಜಕ್ಕೂ ಆಫ್ ಆಗುತ್ತಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಫ್ಯಾನು ತಿರುಗುತ್ತಲೇ ಇದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಕೋಣೆಯ ದೀಪ ಆರಿಸಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಪರದೆಯ ಹಿಂಬೆಳಕು ಅಷ್ಟೆ. ಇನ್ನೊಂದು ತಮಾಷೆಯ ಕಾರಣವೂ ಇದೆ. ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅಯಸ್ಕಾಂತದ ಸೆನ್ಸರ್ ಇರುತ್ತದೆ. ಅಯಸ್ಕಾಂತವಿರುವ ಫೋನ್ ಕವರನ್ನೋ ಕೈಕಡಗವನ್ನೋ ಕೀಬೋರ್ಡಿನ ಪಕ್ಕಕ್ಕೆ ತಂದರೆ ಮುಚ್ಚಳ ಹಾಕಿದರೆಂದು ಭಾವಿಸಿ ಅದು ನಿದ್ರೆಗೆ ಜಾರುತ್ತದೆ.

ಮೊದಲು ವಿದ್ಯುತ್ತಿನ ದಾರಿ

ಪ್ರಿಂಟರ್, ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ಕಳಚಿ. ಶಾರ್ಟ್ ಆದ ಒಂದು ಯುಎಸ್‌ಬಿ ಸಾಧನ ಸಾಕು, ಇಡೀ ಯಂತ್ರ ಹಿಂಜರಿಯಲು. ಅಡಾಪ್ಟರ್ ತೆಗೆದು, ಬ್ಯಾಟರಿ ಹೊರತೆಗೆಯುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಹರಿದುಹೋಗಿ, ಎಡವಿ ನಿಂತ ಕಂಟ್ರೋಲರ್ ಹೊಸದಾಗಿ ಶುರುವಾಗುತ್ತದೆ. ಇದು ಮಂತ್ರವಲ್ಲ, ಎಲ್ಲ ಸಲ ಫಲಿಸುವುದೂ ಇಲ್ಲ, ಆದರೆ ಖರ್ಚಿಲ್ಲದ ಪ್ರಯತ್ನ.

ಆಮೇಲೆ ಒಮ್ಮೆ ಅಡಾಪ್ಟರ್‌ನಲ್ಲಿ ಮಾತ್ರ, ಇನ್ನೊಮ್ಮೆ ಬ್ಯಾಟರಿಯಲ್ಲಿ ಮಾತ್ರ ಆನ್ ಮಾಡಿ ನೋಡಿ. ಅಡಾಪ್ಟರ್‌ನಲ್ಲಿ ಸರಿಯಾಗಿ ನಡೆದು ಬ್ಯಾಟರಿಯಲ್ಲಿ ಕೈಕೊಟ್ಟರೆ ಉತ್ತರ ಸಿಕ್ಕಂತೆಯೇ.

'ಬ್ಯಾಟರಿ 40 ಪರ್ಸೆಂಟ್ ತೋರಿಸುತ್ತಿತ್ತಲ್ಲ?' ಎಂದು ನೀವು ಕೇಳಬಹುದು. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ. ಟ್ಯಾಂಕಿನಲ್ಲಿ ನೀರಿದೆ, ಆದರೆ ಪೈಪಿನೊಳಗೆ ಗಡಸು ನೀರಿನ ಉಪ್ಪು ಕಟ್ಟಿದೆ. ಒಂದು ನಲ್ಲಿ ಬಿಟ್ಟರೆ ಪರವಾಗಿಲ್ಲ, ನಾಲ್ಕು ನಲ್ಲಿ ಒಟ್ಟಿಗೆ ತಿರುಗಿಸಿದರೆ ಒತ್ತಡವೇ ಇಲ್ಲ. ಲಿಥಿಯಂ ಅಯಾನ್ ಕೋಶ ಹಳೆಯದಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ತುಂಬಿದಾಗ 4.2 ವೋಲ್ಟ್ ಇರುವ ಕೋಶ, ಲ್ಯಾಪ್‌ಟಾಪ್ ಶುರುವಾಗುವಾಗ ಒಮ್ಮೆಲೆ ಹೆಚ್ಚು ವಿದ್ಯುತ್ ಕೇಳಿದೊಡನೆ 3 ವೋಲ್ಟಿನ ಆಸುಪಾಸಿಗೆ ಕುಸಿಯಬಹುದು. ಆಗ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿಯುತ್ತದೆ. ವಿಂಡೋಸ್ ಕೊಡುವ ಬ್ಯಾಟರಿ ರಿಪೋರ್ಟಿನಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯ ಎರಡೂ ಅಕ್ಕಪಕ್ಕ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಕಾಲ ಬಂದಿದೆ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿ ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲುಗಾಡುತ್ತಿದ್ದರೆ ಪರೀಕ್ಷೆಗಳನ್ನು ಅಲ್ಲಿಗೇ ನಿಲ್ಲಿಸಿ. ಅದು ಊದಿಕೊಂಡ ಬ್ಯಾಟರಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಸೂಜಿಯಿಂದ ಗಾಳಿ ಬಿಡುವ ಸಾಹಸವನ್ನಂತೂ ಮಾಡಲೇಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ನುರಿತವರಿಂದ ತೆಗೆಸಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಅಡಾಪ್ಟರ್ ವಿಷಯದಲ್ಲಿ ಪಿನ್ ಕೂತರೆ ಸಾಕು ಎಂಬ ನಂಬಿಕೆಯಿದೆ. ವೋಲ್ಟ್ ಒಂದೇ ಇರಬೇಕು, ವ್ಯಾಟ್ ಕಡಿಮೆ ಇರಬಾರದು. 90 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟಿನ ಅಡಾಪ್ಟರ್ ಕೊಟ್ಟರೆ ಸುಮ್ಮನಿದ್ದಾಗ ನಡೆದು, ಭಾರದ ಕೆಲಸ ಬಂದಾಗ ನಿಂತುಬಿಡಬಹುದು. ವ್ಯಾಟ್ ಹೆಚ್ಚಿದ್ದರೆ ಲ್ಯಾಪ್‌ಟಾಪ್ ಸುಟ್ಟುಹೋಗುತ್ತದೆ ಎಂಬುದು ಮಾತ್ರ ಸುಳ್ಳು, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಬಿಸಿ

ಪ್ರಾಸೆಸರ್‌ಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೆ ತಾವಾಗಿಯೇ ವೇಗ ತಗ್ಗಿಸುತ್ತವೆ. ಅಷ್ಟಾದರೂ ಬಿಸಿ ಏರಿದರೆ ಕೊನೆಯ ಅಸ್ತ್ರ ವಿದ್ಯುತ್ ಕಡಿತ. ಆದ್ದರಿಂದ ಬಿಸಿಯಿಂದ ಆಫ್ ಆಗುವ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಅದಕ್ಕೂ ಮೊದಲು ಕೆಲ ನಿಮಿಷ ತೆವಳುತ್ತದೆ, ಫ್ಯಾನು ಅಬ್ಬರಿಸುತ್ತದೆ. ಪರೀಕ್ಷೆ ಸುಲಭ. ಆಫ್ ಆದ ತಕ್ಷಣ ಮತ್ತೆ ಆನ್ ಮಾಡಿ: ಮೊದಲಿಗಿಂತ ಬೇಗ ಆಫ್ ಆದರೆ, ಒಂದು ಗಂಟೆ ಬಿಟ್ಟು ಆನ್ ಮಾಡಿದಾಗ ಮತ್ತೆ ಮೊದಲಿನಷ್ಟೇ ಹೊತ್ತು ನಡೆದರೆ, ಬಿಸಿಯೇ ಕಾರಣ ಎನ್ನಬಹುದು.

ಒಳಗಿನ ತಾಮ್ರದ ಶಾಖ ಕೊಳವೆಯಲ್ಲಿ ಸಾಮಾನ್ಯವಾಗಿ ತುಸು ನೀರಿರುತ್ತದೆ. ಪ್ರಾಸೆಸರ್ ಬಳಿ ಅದು ಆವಿಯಾಗಿ, ಇನ್ನೊಂದು ತುದಿಯ ತೆಳು ರೆಕ್ಕೆಗಳ ಬಳಿ ತಣಿದು ಮತ್ತೆ ನೀರಾಗುತ್ತದೆ. ಆ ರೆಕ್ಕೆಗಳಿಗೆ ಫ್ಯಾನಿನ ಗಾಳಿ ತಾಗದಿದ್ದರೆ ಇಡೀ ಏರ್ಪಾಡು ವ್ಯರ್ಥ. ಎರಡು ಮೂರು ವರ್ಷ ಬಿಚ್ಚದ ಲ್ಯಾಪ್‌ಟಾಪಿನಲ್ಲಿ ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಧೂಳು, ಕೂದಲು ಸೇರಿ ಕಂಬಳಿಯ ತುಂಡಿನಂತೆ ಕೂತಿರುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಅದು ಕಾಣುವುದಿಲ್ಲ. ಕೂಲಿಂಗ್ ಪ್ಯಾಡ್ ಕೊಂಡರೂ ಹೋಗುವುದಿಲ್ಲ, ಬಿಚ್ಚಿಯೇ ತೆಗೆಯಬೇಕು. ಹಾಗೆ ಬಿಚ್ಚಿದಾಗ ಪ್ರಾಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನೂ ಬದಲಿಸುವುದು ಒಳ್ಳೆಯದು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಕೋಣೆಯ ಉಷ್ಣತೆಯೂ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿಯ ಚಳಿಯಲ್ಲಿ ಹೇಗೋ ನಡೆಯುವ ಲ್ಯಾಪ್‌ಟಾಪ್, ಮೇ ತಿಂಗಳ ಕಲಬುರಗಿಯ 40 ಡಿಗ್ರಿಯಲ್ಲಿ ಹಾಸಿಗೆಯ ಮೇಲಿಟ್ಟರೆ ಸೋಲುವುದು ಸಹಜ. ಫ್ರಿಜ್ಜಿನಲ್ಲಿಟ್ಟು ತಣಿಸುವ ಉಪಾಯ ಮಾತ್ರ ಬೇಡ, ಹೊರತೆಗೆದಾಗ ಒಳಗೆ ನೀರು ಹನಿಗಟ್ಟುತ್ತದೆ.

ರ್‍ಯಾಮ್, ಬೋರ್ಡ್, ಚೆಲ್ಲಿದ ಕಾಫಿ

ರ್‍ಯಾಮ್ ಸಡಿಲಗೊಂಡಿದ್ದರೆ ಲ್ಯಾಪ್‌ಟಾಪ್ ಆನ್, ಆಫ್, ಮತ್ತೆ ಆನ್ ಎಂದು ತಾನೇ ತಾನಾಗಿ ಒದ್ದಾಡುವುದುಂಟು. ದೀಪ ಲೆಕ್ಕದಲ್ಲಿ ಮಿನುಗಿದರೆ ಅಥವಾ ಬೀಪ್ ಬಂದರೆ ಎಣಿಸಿಕೊಳ್ಳಿ, ಆ ಸಂಖ್ಯೆಯ ಅರ್ಥ ತಯಾರಕರ ಕೈಪಿಡಿಯಲ್ಲಿ ಇರುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ರ್‍ಯಾಮ್ ತೆಗೆದು ಮತ್ತೆ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಹೊಸ ಡಿಡಿಆರ್5 ರ್‍ಯಾಮ್ ಹಾಕಿದ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿರುವುದು ಸಹಜ, ಗಾಬರಿಯಿಂದ ಆಫ್ ಮಾಡಬೇಡಿ.

ಸಾಫ್ಟ್‌ವೇರ್ ಮೇಲೆ ಅನುಮಾನವಿದ್ದರೆ ಬಯಾಸ್ ಪರದೆಗೆ ಹೋಗಿ ಅರ್ಧ ಗಂಟೆ ಹಾಗೇ ಬಿಡಿ. ಅಲ್ಲೂ ಆಫ್ ಆದರೆ ವಿಂಡೋಸ್ ನಿರಪರಾಧಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕಾಣುವ 'ಕರ್ನಲ್ ಪವರ್ 41' ಎಂಬ ದಾಖಲೆಯನ್ನು ನೋಡಿ ಬೆಚ್ಚುವವರಿದ್ದಾರೆ. ಕಳೆದ ಸಲ ಸರಿಯಾಗಿ ಶಟ್ ಡೌನ್ ಆಗಿರಲಿಲ್ಲ ಎಂಬುದಷ್ಟೇ ಅದರ ಅರ್ಥ, ಕಾರಣ ಏನೆಂದು ಅದು ಹೇಳುವುದಿಲ್ಲ.

ದ್ರವ ಚೆಲ್ಲಿದ ಮೇಲೆ ಶುರುವಾದ ತೊಂದರೆಯಾದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಪ್ರತಿ ಪ್ರಯತ್ನವೂ ಹಾನಿ ಹೆಚ್ಚಿಸುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ನೀರು ಹೇಗೂ ಆರುತ್ತದೆ, ಅದು ಬಿಟ್ಟುಹೋದ ಸಕ್ಕರೆ, ಹಾಲು, ಲವಣ ಬೋರ್ಡನ್ನು ತಿನ್ನುತ್ತಲೇ ಇರುತ್ತವೆ. ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಿಸಬೇಕು.

ಇಷ್ಟಾದರೂ ಬಗೆಹರಿಯದಿದ್ದರೆ ಬೋರ್ಡಿನ ಸರದಿ. ಬೋರ್ಡಿನಲ್ಲಿ ದೋಷವಿದ್ದ ಮಾತ್ರಕ್ಕೆ ಇಡೀ ಬೋರ್ಡ್ ಬದಲಿಸಲೇಬೇಕೆಂದಿಲ್ಲ. ಎಳ್ಳಿನಷ್ಟು ಸಣ್ಣ ಸೆರಾಮಿಕ್ ಕೆಪಾಸಿಟರ್ ಒಂದು ಶಾರ್ಟ್ ಆದರೂ ಇಡೀ ವಿದ್ಯುತ್ ಸಾಲು ಕುಸಿಯುತ್ತದೆ. ಮಲ್ಟಿಮೀಟರ್ ಹಿಡಿದು ಅದನ್ನು ಹುಡುಕಿ ಬದಲಿಸುವ ಚಿಪ್ ಲೆವೆಲ್ ರಿಪೇರಿಯವರು ಇದ್ದಾರೆ. ಯಾವ ವೋಲ್ಟ್ ಸಾಲು ಬರುತ್ತಿಲ್ಲ, ಎಲ್ಲಿ ಶಾರ್ಟ್ ಇದೆ ಎಂದು ಕೇಳಿ. ಅಳೆದು ನೋಡಿದವರ ಬಳಿ ಇದಕ್ಕೆ ಉತ್ತರ ಇರುತ್ತದೆ.

ಅಂಗಡಿಗೆ ಕೊಡುವ ಮೊದಲು ಫೈಲುಗಳ ಬಗ್ಗೆ ಯೋಚಿಸಿ. ಬಿಚ್ಚಬಹುದಾದ ಎಸ್‌ಎಸ್‌ಡಿಯಾದರೆ ಅದನ್ನು ಹೊರತೆಗೆದು, ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಆದರೆ ಈಚಿನ ಅನೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಮೊದಲಿನಿಂದಲೇ ಬಿಟ್‌ಲಾಕರ್‌ನಿಂದ ಗೂಢಲಿಪಿಯಾಗಿರುತ್ತದೆ. ಡಿಸ್ಕನ್ನು ಬೇರೆಡೆ ಹಾಕಿದಾಗ ಅಥವಾ ಬೋರ್ಡ್ ಬದಲಿಸಿದಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಫೋನಿನಿಂದಲೇ ಆ ಖಾತೆಗೆ ಲಾಗಿನ್ ಆಗಿ, ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಡಿ.