ಬೇಲಿಯೊಂದರ ಚರಿತ್ರೆ

ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ಒಟಾರಿ ಸಸ್ಯೋದ್ಯಾನಕ್ಕೆ ಮಗಳೊಡನೆ ಹೋಗಿದ್ದೆ. ಅಲ್ಲಿ ಬೆಳೆಸುವುದು ಆ ದೇಶದ ಮೂಲ ಸಸ್ಯಗಳನ್ನು ಮಾತ್ರ. ಸ್ವಯಂಸೇವಕ ಮಾರ್ಗದರ್ಶಿಯೊಬ್ಬರು ನಮ್ಮನ್ನು ಕಾಡಿನೊಳಗೆ ನಡೆಸುತ್ತ, ಸುಮಾರು 800 ವರ್ಷ ವಯಸ್ಸಿನ ರಿಮು ಮರದ ಬುಡಕ್ಕೆ ಕರೆದೊಯ್ದರು. ಅದು ಮೊಳೆತಾಗ ನಮ್ಮಲ್ಲಿ ಹೊಯ್ಸಳರ ಆಳ್ವಿಕೆ!

ವಲಸಿಗರು ಹುಲ್ಲುಗಾವಲಿಗಾಗಿ ಕಾಡು ಸವರುತ್ತಿದ್ದ ಕಾಲದಲ್ಲಿ, 1860ರ ಸುಮಾರಿಗೆ, ಜಾಬ್ ವಿಲ್ಟನ್ ಎಂಬ ರೈತರು ತಮ್ಮ ಜಮೀನಿನ 7 ಹೆಕ್ಟೇರ್ ಕಾಡಿಗೆ ಬೇಲಿ ಹಾಕಿ ಉಳಿಸಿದರು. 1926ರಲ್ಲಿ ಸಸ್ಯವಿಜ್ಞಾನಿ ಲಿಯೊನಾರ್ಡ್ ಕಾಕೇನ್ ಅವರ ಮುತುವರ್ಜಿಯಿಂದ ಒಟಾರಿಯಲ್ಲಿ ದೇಶೀಯ ಸಸ್ಯಗಳ ಬಯಲು ಸಂಗ್ರಹಾಲಯ ಆರಂಭವಾಯಿತು. ಅವರ ಸಮಾಧಿಯೂ ಅಲ್ಲಿಯೇ ಇದೆ.

ವಿದ್ಯಾರ್ಥಿಮಿತ್ರರೇ, ನೆಲವನ್ನು ಗೆದ್ದವರ ಇಸವಿಗಳನ್ನೇ ನಿಮ್ಮಿಂದ ಬಾಯಿಪಾಠ ಮಾಡಿಸಿದೆ. ಕಡಿಯದೆ ಬಿಟ್ಟವರೊಬ್ಬರ ಇಸವಿಯನ್ನೂ ದಯವಿಟ್ಟು ಸೇರಿಸಿಕೊಳ್ಳಿ.